ಆ ನಗು ಎಲ್ಲಿಂದ ಬಂತು?

ನೆಲ ಮುಟ್ಟಿದ ಮೇಲೂ ನಾನು ಎದ್ದು ನಿಲ್ಲಲಿಲ್ಲ. ಹುಲ್ಲಿನ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದೆ. ಹಿಂದೆ ಪ್ಯಾರಾಚೂಟ್ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಿತ್ತು. ನನ್ನನ್ನು ಮುಂದೆ ಕಟ್ಟಿಕೊಂಡು ಹಾರಿದ್ದ ತರಬೇತುದಾರರು ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚುತ್ತಾ "ಆರಾಮಾಗಿದ್ದೀರಾ ಮೇಡಂ?" ಅಂತ ಕೇಳಿದರು. ಹೌದು ಅನ್ನೋಕೆ ಬಾಯಿ ತೆರೆದರೆ ಮತ್ತೆ ನಗುವೇ ಬಂತು. ಕಣ್ಣಲ್ಲಿ ನೀರು. ಕೈ ನಡುಗುತ್ತಿತ್ತು. ಮೊಣಕಾಲಲ್ಲಿ ಬಲವೇ ಇರಲಿಲ್ಲ. ದೂರದಿಂದ ನೋಡಿದವರು ನಾನು ಅಳುತ್ತಿದ್ದೇನೆ ಅಂದುಕೊಂಡಿರಬೇಕು.

ನನಗೆ 43 ವರ್ಷ. ಲೆಕ್ಕಪತ್ರ ತಪಾಸಣೆ ನನ್ನ ಕೆಲಸ. ಎಲ್ಲಿ ಏನು ಎಡವಟ್ಟಾಗಬಹುದು ಅಂತ ಮೊದಲೇ ಯೋಚಿಸುವುದೇ ಈ ಕೆಲಸದ ತಿರುಳು. ಮನೆಗೆ ಬಂದರೂ ಆ ಬುದ್ಧಿ ಬಿಡುವುದಿಲ್ಲ. ಮಲಗುವ ಮುಂಚೆ ಬಾಗಿಲ ಚಿಲಕ ಎರಡು ಸಲ ನೋಡುತ್ತೇನೆ. ಏಣಿ ಹತ್ತಬೇಕಾದರೆ ಕೆಳಗೆ ಯಾರಾದರೂ ಹಿಡಿದುಕೊಂಡಿರಬೇಕು. ಅಂಥವಳು 12 ಸಾವಿರ ಅಡಿ ಎತ್ತರದಲ್ಲಿ ವಿಮಾನದ ಬಾಗಿಲಿನಿಂದ ಹೊರಗೆ ಬಿದ್ದು, ಕೆಳಗೆ ಬಂದು, ಹೀಗೆ ನಗುತ್ತಾ ಕೂತಿದ್ದೆ. ಅದು ನಡೆದು ನಾಲ್ಕು ತಿಂಗಳಾಯಿತು. ಆ ನಗು ಎಲ್ಲಿಂದ ಬಂತು ಅಂತ ಅವತ್ತಿನಿಂದ ಯೋಚಿಸುತ್ತಲೇ ಇದ್ದೇನೆ.

ಅದು ಇಷ್ಟು ಕಾಡೋಕೆ ಒಂದು ಕಾರಣ ಇದೆ. ಇದೇ ನಡುಕ, ಇದೇ ಒಣಗಿದ ಬಾಯಿ, ಇದೇ ಎದೆಬಡಿತ ನನಗೆ ಹಿಂದೆ ಒಮ್ಮೆ ಆಗಿತ್ತು. ಆಗ ನಗು ಬಂದಿರಲಿಲ್ಲ.

ಆಗ ನನಗೆ 26. ರಾತ್ರಿ ಹೊತ್ತು, ಜೋರು ಮಳೆ. ಒಂದು ಕಾರಿನಲ್ಲಿ ಐದು ಜನ ಇದ್ದೆವು. ನಾನು ಹಿಂದಿನ ಸೀಟಿನ ಮಧ್ಯದಲ್ಲಿದ್ದೆ. ಓಡಿಸುತ್ತಿದ್ದವರು ಪರಿಚಯದವರೇ. ಅವರಿಗೆ ತಿರುವು ಅಂದರೆ ಖುಷಿ. ಬ್ರೇಕ್ ಹಾಕದೆ ತಿರುವಿಗೆ ನುಗ್ಗೋದು, ದಾಟಿದ ಮೇಲೆ "ಹೋ!" ಅಂತ ಕೂಗೋದು. "ಸ್ವಲ್ಪ ನಿಧಾನ ಹೋಗಿ" ಅಂತ ಎರಡು ಸಲ ಹೇಳಿದೆ. "ಏನೂ ಆಗಲ್ಲ, ಸುಮ್ನೆ ಕೂತ್ಕೊಳ್ಳಿ" ಅಂದರು. ಮೂರನೆಯ ಸಲ ಹೇಳುವ ಮುಂಚೆ ಟೈರು ಜಾರಿತು. ಕಾರು ಅರ್ಧ ಸುತ್ತು ತಿರುಗಿ, ಹಿಂಭಾಗ ರಸ್ತೆ ಬದಿಯ ಕಲ್ಲುಗೋಡೆಗೆ ಬಡಿದು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಸ್ವಲ್ಪ ಹೊತ್ತು ವೈಪರ್ ಓಡುವ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಆಮೇಲೆ ಅವರು ಸ್ಟಿಯರಿಂಗ್ ಮೇಲೆ ಅಂಗೈ ಬಡಿದು ನಕ್ಕರು. ಜೋರಾಗಿ, ಬಿಡುಗಡೆಯಾದವರ ಹಾಗೆ ನಕ್ಕರು.

ನನ್ನ ಬೆರಳು ಮುಂದಿನ ಸೀಟಿನ ಕವರ್‌ನೊಳಗೆ ಹೂತುಹೋಗಿದ್ದವು. ಪಕ್ಕದಲ್ಲಿದ್ದ ಗೆಳತಿ ಒಂದೊಂದೇ ಬೆರಳು ಬಿಡಿಸಬೇಕಾಯಿತು. ರೆಕ್ಸಿನ್ ಮೇಲೆ ನಾಲ್ಕು ಉಗುರಿನ ಗುರುತು ಅರ್ಧಚಂದ್ರದ ಹಾಗೆ ಉಳಿದಿದ್ದವು. ಅದಾದ ಮೇಲೆ ಎಷ್ಟೋ ತಿಂಗಳು ಮಳೆ ಬಂದರೆ ನಾನು ಯಾರ ಗಾಡಿಯನ್ನೂ ಹತ್ತಲಿಲ್ಲ.

ಕಾರು ಒಂದೇ, ವೇಗ ಒಂದೇ, ತಿರುವೂ ಒಂದೇ. ಅವರಿಗೆ ಅದು ರೋಮಾಂಚನ. ನನಗೆ ಸಾವು ಬಂದು ಮುಟ್ಟಿ ಹೋದ ಹಾಗೆ. ಹಾಗಾದರೆ ಥ್ರಿಲ್ ಅನ್ನೋದು ಅಪಾಯದೊಳಗೆ ಇರುವ ವಸ್ತುವಲ್ಲ, ಅಲ್ವಾ? ಅದೇ ಅಪಾಯ ನನಗೂ ಸಿಕ್ಕಿತ್ತಲ್ಲ.

ದೇಹದ ಮಟ್ಟಿಗೆ ನೋಡಿದರೆ ಆ ರಾತ್ರಿಗೂ ಆ ಜಿಗಿತಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಗಂಡಾಂತರ ಅಂತ ಮಿದುಳು ಕೂಗಿದ ಕೂಡಲೇ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಜೋರಾಗಿ ಬಡಿಯುತ್ತದೆ. ಶ್ವಾಸನಾಳ ಅಗಲವಾಗುತ್ತದೆ. ಕಣ್ಣಪಾಪೆ ಹಿಗ್ಗುತ್ತದೆ. ಹೊಟ್ಟೆಯ ಕಡೆ ಹೋಗಬೇಕಾದ ರಕ್ತ ಕೈಕಾಲಿನ ಕಡೆ ತಿರುಗುತ್ತದೆ. ಹೋರಾಡು, ಇಲ್ಲವೇ ಓಡು. ವಾಲ್ಟರ್ ಕ್ಯಾನನ್ ಎಂಬ ಶರೀರ ವಿಜ್ಞಾನಿ 1915ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಮುಂದಿರುವುದು ಹುಲಿಯೋ, ರೋಲರ್ ಕೋಸ್ಟರ್‌ನ ಇಳಿಜಾರೋ ಅಂತ ಈ ವ್ಯವಸ್ಥೆ ಕೇಳುತ್ತಾ ಕೂರುವುದಿಲ್ಲ. ಮೊದಲು ಸಜ್ಜಾಗುತ್ತದೆ. ವಿಚಾರಣೆ ಆಮೇಲೆ.

ಆ ಬಡಿತಕ್ಕೆ ಹೆಸರಿಡುವುದು ಮನಸ್ಸು. 1962ರಲ್ಲಿ ಶಾಕ್ಟರ್ ಮತ್ತು ಸಿಂಗರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ವಿಟಮಿನ್ ಅಂತ ಹೇಳಿ ಕೆಲವರಿಗೆ ಅಡ್ರಿನಲಿನ್ ಚುಚ್ಚಿದರು. ಆಮೇಲೆ ಅವರನ್ನು ಒಂದು ಕೋಣೆಯಲ್ಲಿ ಇನ್ನೊಬ್ಬನ ಜೊತೆ ಕೂರಿಸಿದರು. ಆ ಇನ್ನೊಬ್ಬ ಪ್ರಯೋಗದವರ ಕಡೆಯವನೇ. ಕೆಲವರ ಮುಂದೆ ಅವನು ಕುಣಿದು ನಕ್ಕ, ಕೆಲವರ ಮುಂದೆ ಸಿಡುಕಿದ. ಎದೆ ಏಕೆ ಬಡಿಯುತ್ತಿದೆ ಅಂತ ಗೊತ್ತಿಲ್ಲದವರು ಅವನ ಖುಷಿಯನ್ನೋ ಸಿಟ್ಟನ್ನೋ ತಮ್ಮದು ಮಾಡಿಕೊಳ್ಳುತ್ತಾರೆ ಅನ್ನುವುದು ಅವರ ವಾದ. ಆ ಫಲಿತಾಂಶದ ಬಗ್ಗೆ ಆಮೇಲೆ ಸಾಕಷ್ಟು ತಕರಾರು ಬಂದಿದೆ, ಬರಲೇಬೇಕಿತ್ತು. ಮನುಷ್ಯರು ಅಷ್ಟು ಸುಲಭವಾಗಿ ಬೇರೆಯವರ ಬಣ್ಣ ಬಳಿದುಕೊಳ್ಳುವುದಿಲ್ಲ. ಆದರೆ ಅದರ ಒಳಗಿನ ಮಾತು ನನಗೆ ನಿಜ ಅನಿಸುತ್ತದೆ. ಎದೆ ಬಡಿಯುವುದು ಒಂದು, ಅದು ಯಾತಕ್ಕೆ ಅಂತ ನಾವು ತಿಳಿಯುವುದು ಇನ್ನೊಂದು.

ಮೈಕೆಲ್ ಆಪ್ಟರ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಇನ್ನೂ ಚೆನ್ನಾಗಿ ಬಿಡಿಸಿದ್ದಾರೆ. ಅಪಾಯದ ಎದುರು ನಿಂತಾಗ ನಮ್ಮ ಸುತ್ತ ಒಂದು ರಕ್ಷಣೆಯ ಚೌಕಟ್ಟು ಇದೆ ಅಂತ ಅನಿಸಿದರೆ ಆ ಉದ್ವೇಗ ಖುಷಿಯಾಗುತ್ತದೆ. ಚೌಕಟ್ಟು ಇಲ್ಲ ಅನಿಸಿದರೆ ಅದೇ ಉದ್ವೇಗ ಭಯವಾಗುತ್ತದೆ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಾಲ್ಕು ಕೊಕ್ಕೆಗಳು.

ವಿಮಾನದೊಳಗೆ ನಾವು ನೆಲದ ಮೇಲೆ ಸಾಲಾಗಿ, ಒಬ್ಬರ ಕಾಲ ನಡುವೆ ಒಬ್ಬರು ಕೂತಿದ್ದೆವು. ಎಂಜಿನ್ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ತರಬೇತುದಾರರು ಹಿಂದಿನಿಂದ ನನ್ನ ಪಟ್ಟಿಗಳನ್ನು ತಮ್ಮ ಪಟ್ಟಿಗಳಿಗೆ ಸಿಕ್ಕಿಸಿದರು. ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು. ಪ್ರತಿಯೊಂದೂ ಖಟ್ ಅಂದಾಗ ನನ್ನ ಕೈ ಹಿಡಿದು ಆ ಕೊಕ್ಕೆಯ ಮೇಲೆ ಇಟ್ಟರು. ತಣ್ಣನೆ ಲೋಹ. ಬೆರಳಿಂದ ಎಳೆದು ನೋಡಿದೆ. ಅಲುಗಲಿಲ್ಲ. ಬೆನ್ನ ಮೇಲೆ ಒಂದು ಮುಖ್ಯ ಪ್ಯಾರಾಚೂಟ್, ಅದು ಕೈಕೊಟ್ಟರೆ ಇನ್ನೊಂದು. ಇಬ್ಬರಿಗೂ ಪ್ರಜ್ಞೆ ತಪ್ಪಿದರೆ, ಒಂದು ಮಟ್ಟಕ್ಕಿಂತ ಕೆಳಗೆ ಇನ್ನೂ ವೇಗವಾಗಿ ಬೀಳುತ್ತಿದ್ದರೆ, ಆ ಎರಡನೆಯದನ್ನು ತಾನಾಗಿ ಬಿಚ್ಚುವ ಒಂದು ಚಿಕ್ಕ ಯಂತ್ರ. ತಪ್ಪು ಹುಡುಕುವುದೇ ಕೆಲಸವಾದ ನನಗೆ ಈ ಮೂರು ಪದರ ಕೇಳಿ ಎಷ್ಟು ಸಮಾಧಾನವಾಯಿತು ಅಂದರೆ, ಭಯ ಹೋಗಲಿಲ್ಲ, ಆದರೆ ಅದಕ್ಕೆ ನಿಲ್ಲೋಕೆ ಒಂದು ಜಾಗ ಸಿಕ್ಕಿತು.

ಬಾಗಿಲು ತೆರೆದಾಗ ಚಳಿ ಮುಖಕ್ಕೆ ಹೊಡೆಯಿತು. ಕಾಲು ಹೊರಗೆ ಇಳಿಬಿಟ್ಟೆ. ಕೆಳಗೆ ಹೊಲಗಳು ಚೌಕಚೌಕವಾಗಿ ಹೊಲಿದಿಟ್ಟ ಹಾಗಿದ್ದವು. ಆ ಕ್ಷಣ ನಾನು ಗಮನಿಸಿದ್ದು ಒಂದೇ. ನನ್ನ ಎದೆ ಹುಚ್ಚೆದ್ದು ಬಡಿಯುತ್ತಿತ್ತು. ಕಿವಿಯ ಹಿಂದೆ ತರಬೇತುದಾರರ ಉಸಿರು ನಿಧಾನವಾಗಿ, ನಿದ್ದೆಗೆ ಜಾರುವವರ ಉಸಿರಿನ ಹಾಗೆ ಬಂದು ಹೋಗುತ್ತಿತ್ತು. 1960ರ ದಶಕದಲ್ಲಿ ಫೆನ್ಜ್ ಮತ್ತು ಎಪ್‌ಸ್ಟೈನ್ ಎಂಬುವವರು ಪ್ಯಾರಾಚೂಟ್ ಹಾರುವವರ ಎದೆಬಡಿತ ಅಳೆದಿದ್ದರು ಅಂತ ಆಮೇಲೆ ಓದಿದೆ. ಹೊಸಬರಿಗೆ ಬಡಿತ ಏರುತ್ತಾ ಏರುತ್ತಾ ಹಾರುವ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಅನುಭವಸ್ಥರಿಗೂ ಏರುತ್ತದೆ. ಆದರೆ ಮೊದಲೇ ಏರಿ, ಬಾಗಿಲ ಹತ್ತಿರ ಬರುವಷ್ಟರಲ್ಲಿ ಇಳಿದಿರುತ್ತದೆ. ನನ್ನ ಬೆನ್ನಿಗೆ ಒರಗಿದ್ದ ಆ ಉಸಿರಿನ ಅರ್ಥ ಆಗ ತಿಳಿಯಿತು. ಅವರ ಭಯ ತನ್ನ ಕೆಲಸ ಮುಗಿಸಿ ಹೋಗಿತ್ತು.

ಬಿದ್ದೆವು. ಹೊಟ್ಟೆ ಬಾಯಿಗೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬೀಳುತ್ತಿದ್ದೇನೆ ಅಂತಲೂ ಅನಿಸಲಿಲ್ಲ. ಗಂಟೆಗೆ 200 ಕಿಲೋಮೀಟರ್ ಹತ್ತಿರದ ವೇಗ. ಗಾಳಿ ಎಷ್ಟು ಗಟ್ಟಿಯಾಗಿ ಎದುರು ನಿಲ್ಲುತ್ತದೆ ಅಂದರೆ ಅದರ ಮೇಲೆ ಮಲಗಿದ ಹಾಗೆ ಇರುತ್ತದೆ. ಕೆನ್ನೆ ಹಿಂದಕ್ಕೆ ಎಳೆಯುತ್ತಿತ್ತು. ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ನಾಳೆ ಕೊಡಬೇಕಾದ ವರದಿ, ಹಲ್ಲುನೋವು, ಚಿಲಕ, ಯಾವುದೂ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ನನ್ನ ತಲೆ ಒಂದೇ ಕಡೆ ಇತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಗಂಟಲು ತುಂಬಿ ಬರುತ್ತದೆ.

ಎರಡು ಮೂರು ನಿಮಿಷ ಬಿದ್ದಿರಬೇಕು ಅಂದುಕೊಂಡಿದ್ದೆ. ನಲವತ್ತೈದು ಸೆಕೆಂಡ್ ಅಂದರು. ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಜನರನ್ನು 31 ಮೀಟರ್ ಎತ್ತರದಿಂದ ಬೆನ್ನು ಕೆಳಗಾಗಿ ಬಲೆಗೆ ಬೀಳಿಸಿದರು. ಬೇರೆಯವರು ಬೀಳಲು ಎಷ್ಟು ಹೊತ್ತು ಹಿಡಿಯಿತು, ನೀವು ಬೀಳಲು ಎಷ್ಟು ಹೊತ್ತು ಹಿಡಿಯಿತು ಅಂತ ಕೇಳಿದಾಗ, ತಮ್ಮದು ಸರಾಸರಿ ಶೇಕಡಾ 36ರಷ್ಟು ಜಾಸ್ತಿ ಅಂತ ತೋರಿಸಿದರು. ಮಣಿಕಟ್ಟಿಗೆ ಒಂದು ಯಂತ್ರ ಕಟ್ಟಿದ್ದರು. ಅದರಲ್ಲಿ ಅಂಕಿಗಳು ಓದೋಕೆ ಆಗದಷ್ಟು ಬೇಗ ಮಿನುಗುತ್ತಿದ್ದವು. ಸಮಯ ನಿಜವಾಗಿ ನಿಧಾನವಾಗಿದ್ದರೆ ಬೀಳುವಾಗ ಅವುಗಳನ್ನು ಓದಬಹುದಿತ್ತು. ಯಾರಿಗೂ ಆಗಲಿಲ್ಲ. ಅಂದರೆ ಹಿಗ್ಗುವುದು ಸಮಯವಲ್ಲ, ನೆನಪು. ಭಯದಲ್ಲಿ ಮಿದುಳು ಮಾಮೂಲಿಗಿಂತ ಹೆಚ್ಚು ವಿವರವಾಗಿ ಬರೆದಿಟ್ಟುಕೊಳ್ಳುತ್ತದೆ ಅನ್ನುವುದು ಅವರ ವಿವರಣೆ. ಹಾಗಾಗಿ ಹಿಂತಿರುಗಿ ನೋಡಿದಾಗ ಆ ಸ್ವಲ್ಪ ಹೊತ್ತೇ ಬಹಳ ಉದ್ದ ಕಾಣುತ್ತದೆ. ಕಳೆದ ವರ್ಷದ ಎಷ್ಟೋ ವಾರಗಳಲ್ಲಿ ಏನು ಮಾಡಿದೆ ಅಂತ ನನಗೆ ನೆನಪಿಲ್ಲ. ಆ ನಲವತ್ತೈದು ಸೆಕೆಂಡ್ ಪೂರ್ತಿ ನೆನಪಿದೆ. ಜನ ಇಂಥದ್ದಕ್ಕೆ ಮತ್ತೆ ಮತ್ತೆ ಹೋಗುವುದರ ಹಿಂದೆ ಈ ಲೆಕ್ಕವೂ ಇದೆ ಅಂತ ನನ್ನ ಅನಿಸಿಕೆ.

ಆದರೆ ಬೀಳುವಾಗ ನಾನು ನಗುತ್ತಿರಲಿಲ್ಲ. ಇದು ಮುಖ್ಯ. ಪ್ಯಾರಾಚೂಟ್ ಬಿಚ್ಚಿತು, ಮೇಲಕ್ಕೆ ಜಗ್ಗಿದ ಹಾಗಾಯಿತು, ಆಮೇಲೆ ಥಟ್ಟನೆ ಮೌನ. ಬಟ್ಟೆ ಸಣ್ಣಗೆ ಸರಸರ ಅನ್ನುವುದು ಬಿಟ್ಟರೆ ಏನೂ ಇಲ್ಲ. ತರಬೇತುದಾರರು ಪಕ್ಕದ ಕುರ್ಚಿಯಲ್ಲಿ ಕೂತವರ ಹಾಗೆ ಮೆಲ್ಲಗೆ ಮಾತಾಡಿದರು. ಇನ್ನೂ ಸಾವಿರಾರು ಅಡಿ ಎತ್ತರದಲ್ಲಿದ್ದೆವು. ಆದರೂ ಭಯ ಮುಗಿದಿತ್ತು. ನಗು ಶುರುವಾಗಿದ್ದು ಅಲ್ಲಿ.

ಅಡ್ರಿನಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಕೆಲವು ನಿಮಿಷ ಅಷ್ಟೇ. ನನ್ನ ಸಂಭ್ರಮ ರಾತ್ರಿವರೆಗೂ ಇತ್ತು. ಹಾಗಾಗಿ 'ಎಲ್ಲ ಅಡ್ರಿನಲಿನ್ ಆಟ' ಅನ್ನೋ ಮಾತು ನನಗೆ ಸಾಲುವುದಿಲ್ಲ. ರಿಚರ್ಡ್ ಸೊಲೊಮನ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಮುಂದಿಟ್ಟ ವಿವರಣೆ ಇದಕ್ಕೆ ಹತ್ತಿರ ಬರುತ್ತದೆ. ಒಂದು ಭಾವನೆ ಜೋರಾಗಿ ಎದ್ದಾಗ ದೇಹ ಅದನ್ನು ಹಿಡಿದು ನಿಲ್ಲಿಸಲು ಅದರ ವಿರುದ್ಧದ ಭಾವನೆಯನ್ನೂ ಒಳಗೊಳಗೇ ಎಬ್ಬಿಸುತ್ತದಂತೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಹಾಗೆ. ಭಯ ಕೈಬಿಟ್ಟ ಕೂಡಲೇ ಅಷ್ಟು ಹೊತ್ತು ಅದನ್ನು ಎಳೆಯುತ್ತಿದ್ದ ಬಲ ನಮ್ಮನ್ನು ಖುಷಿಯ ಕಡೆಗೆ ಎತ್ತಿ ಎಸೆಯುತ್ತದೆ. ಸೊಲೊಮನ್ ಕೊಟ್ಟ ಉದಾಹರಣೆಯೂ ಪ್ಯಾರಾಚೂಟ್ ಹಾರುವವರದ್ದೇ. ಮೊದಲ ಸಲ ಇಳಿದವರು ಕೆಲವು ನಿಮಿಷ ಕಲ್ಲಿನ ಹಾಗೆ ಇರುತ್ತಾರೆ, ಆಮೇಲೆ ಮಾತು ನಿಲ್ಲಿಸುವುದಿಲ್ಲ. ನಾನು ಅವತ್ತು ಎಷ್ಟು ಜನಕ್ಕೆ ಫೋನ್ ಮಾಡಿದೆ ಅಂತ ಲೆಕ್ಕವಿಲ್ಲ. ಮತ್ತೆ ಮತ್ತೆ ಹಾರಿದರೆ ಭಯ ಸವೆಯುತ್ತದೆ, ಆಮೇಲಿನ ಖುಷಿ ಬೆಳೆಯುತ್ತದೆ.

ಹಾಗಾದರೆ ಕಾರು ನಿಂತ ಮೇಲೆ ನನಗೆ ಯಾಕೆ ನಗು ಬರಲಿಲ್ಲ? ಭಯ ಮುಗಿದಿರಲಿಲ್ಲ ಅನ್ನುವುದೇ ನಾನು ಕಂಡುಕೊಂಡ ಉತ್ತರ. ಅದೇ ಕಾರು, ಅದೇ ಮಳೆ, ಸ್ಟಿಯರಿಂಗ್ ಹಿಂದೆ ಅದೇ ಮನುಷ್ಯ. ಇನ್ನೂ ಎರಡು ಗಂಟೆ ದಾರಿ ಇತ್ತು. ಹಗ್ಗದ ಆ ತುದಿಯನ್ನು ಯಾರೂ ಬಿಟ್ಟಿರಲಿಲ್ಲ. ಅದಕ್ಕಿಂತ ದೊಡ್ಡದು, ಆ ಅಪಾಯವನ್ನು ನಾನು ಆರಿಸಿಕೊಂಡಿರಲಿಲ್ಲ. ಚಾನ್ಸಿ ಸ್ಟಾರ್ ಎಂಬ ಎಂಜಿನಿಯರ್ 1969ರಲ್ಲಿ ಲೆಕ್ಕ ಹಾಕಿದ್ದರು. ತಾವೇ ಇಷ್ಟಪಟ್ಟು ಕೈಹಾಕುವ ಕೆಲಸದಲ್ಲಾದರೆ, ಬೇರೆಯವರು ತಲೆಮೇಲೆ ಹೇರುವ ಅಪಾಯಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಿನ ಅಪಾಯವನ್ನೂ ಜನ ಒಪ್ಪಿಕೊಳ್ಳುತ್ತಾರೆ ಅಂತ. ಸಾವಿರ ಪಟ್ಟು! ಆ ಅಂಕಿ ನೋಡಿ ನನಗೆ ಆಶ್ಚರ್ಯವಾಗಲಿಲ್ಲ. ನಾನು ಎರಡೂ ಬದಿಯಲ್ಲಿ ಕೂತು ಬಂದಿದ್ದೇನೆ.

ನನ್ನ ತಮ್ಮನ ವಿಷಯ ಬೇರೆ. ಅವನಿಗೆ ಚೌಕಟ್ಟು ಅಗಲ. ಚಿಕ್ಕವನಿದ್ದಾಗ ಕಂಡ ಮರವನ್ನೆಲ್ಲ ಹತ್ತುತ್ತಿದ್ದ. ಕೆಳಗೆ ಅವನ ಚಪ್ಪಲಿ ಹಿಡಿದುಕೊಂಡು ನಿಲ್ಲುತ್ತಿದ್ದವಳು ನಾನು. ಈಗ ಅವನು ಬಂಡೆ ಹತ್ತುತ್ತಾನೆ. "ಸುಮ್ನೆ ಕೂತ್ರೆ ನಂಗೆ ಉಸಿರು ಕಟ್ಟುತ್ತೆ ಅಕ್ಕ" ಅನ್ನುತ್ತಾನೆ. ಇದು ಹಟವಲ್ಲ, ಅವನ ಹುಟ್ಟುಗುಣ. ಮಾರ್ವಿನ್ ಝುಕರ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1964ರಲ್ಲಿ ಇಂಥ ಗುಣವನ್ನು ಅಳೆಯುವ ಪ್ರಶ್ನಾವಳಿಯನ್ನೇ ಮಾಡಿದರು. ಸಾಹಸದ ಆಸೆ ಅದರ ಒಂದು ಭಾಗ ಮಾತ್ರ. ಎಷ್ಟು ಬೇಗ ಬೇಜಾರಾಗುತ್ತದೆ ಅನ್ನುವುದು ಇನ್ನೊಂದು ಭಾಗ. ಬೇಜಾರನ್ನು ತಡೆಯಲಾಗದವರೇ ಅಂಚಿಗೆ ಹೋಗುತ್ತಾರೆ ಅನ್ನುವುದು ತಮ್ಮನನ್ನು ನೋಡಿದವರಿಗೆ ತಾನಾಗಿ ಅರ್ಥವಾಗುತ್ತದೆ.

ಆದರೆ ಎಲ್ಲರಿಗೂ ಒಂದು ಅಳತೆ ಇರುತ್ತದೆ. ಡೆನ್ಮಾರ್ಕ್‌ನ ಸಂಶೋಧಕರು 110 ಜನರ ಎದೆಗೆ ಬಡಿತ ಅಳೆಯುವ ಪಟ್ಟಿ ಕಟ್ಟಿ ಭೂತಬಂಗಲೆಯೊಳಗೆ ಕಳಿಸಿದ ಅಧ್ಯಯನ 2020ರಲ್ಲಿ ಬಂತು. ಭಯ ತೀರಾ ಕಡಿಮೆಯಾದರೂ ಮಜಾ ಇಲ್ಲ, ತೀರಾ ಜಾಸ್ತಿಯಾದರೂ ಇಲ್ಲ. ಮಧ್ಯದಲ್ಲೊಂದು ಜಾಗದಲ್ಲಿ ಅದು ಸಿಗುತ್ತದೆ. ನನ್ನ ಮಧ್ಯ ನಾಲ್ಕು ಕೊಕ್ಕೆಯಲ್ಲಿ ಸಿಕ್ಕಿತು. ತಮ್ಮನಿಗೆ ಅಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಹಾಗಾಗಬಹುದು.

ನನ್ನನ್ನು ಹೆದರಿಸುವ ವಿಷಯ ಇನ್ನೊಂದಿದೆ. ಚೌಕಟ್ಟು ಇರುವುದು ಮನಸ್ಸಿನಲ್ಲಿ. ಹೊರಗೆ ಅದು ನಿಜವಾಗಿ ಇದೆಯೋ ಇಲ್ಲವೋ ದೇಹಕ್ಕೆ ಗೊತ್ತಾಗುವುದಿಲ್ಲ. ನಂಬಿಕೆ ಇದ್ದರೆ ಸಾಕು, ಅದು ನಗುತ್ತದೆ. ಆ ರಾತ್ರಿ ಕಾರು ಓಡಿಸಿದವರಿಗೂ ಒಂದು ಚೌಕಟ್ಟಿತ್ತು, ತಮ್ಮ ಕೈಯ ಮೇಲಿನ ನಂಬಿಕೆ. ಅದು ಸುಳ್ಳು ಚೌಕಟ್ಟು. ಒಳಗೆ ಐದು ಜನ ಕೂತಿದ್ದೆವು. ತನ್ನ ಪ್ರಾಣವನ್ನು ತಾನು ಪಣಕ್ಕಿಡುವವರನ್ನು ನಾನು ಇನ್ನು ಮುಂದೆ ತಪ್ಪು ಅನ್ನಲಾರೆ. ಹಿಂದಿನ ಸೀಟಿನಲ್ಲಿ ಕೂತವರ ಪ್ರಾಣದಲ್ಲಿ ರೋಮಾಂಚನ ಪಡೆಯುವವರನ್ನು ಮಾತ್ರ ಇವತ್ತಿಗೂ ಕ್ಷಮಿಸೋಕೆ ಆಗಿಲ್ಲ.

ನಿಜವಾದ ಚೌಕಟ್ಟೂ ಎಲ್ಲ ಸಲ ಕಾಯುವುದಿಲ್ಲ. 2012ರ ಅಕ್ಟೋಬರ್ 14ರಂದು ಸುಮಾರು 39 ಕಿಲೋಮೀಟರ್ ಎತ್ತರದಿಂದ ಹಾರಿ, ಶಬ್ದದ ವೇಗವನ್ನೂ ಮೀರಿ ಬಂದ ಫೀಲಿಕ್ಸ್ ಬೌಮ್‌ಗಾರ್ಟ್ನರ್ 2025ರ ಜುಲೈನಲ್ಲಿ ಇಟಲಿಯಲ್ಲಿ ಪ್ಯಾರಾಗ್ಲೈಡಿಂಗ್ ಅಪಘಾತದಲ್ಲಿ ತೀರಿಕೊಂಡರು. ಆ ದೊಡ್ಡ ಜಿಗಿತದ ತಯಾರಿಯಲ್ಲಿ ಅವರನ್ನು ಕಾಡಿದ್ದು ಎತ್ತರವಲ್ಲ. ಒತ್ತಡದ ಉಡುಪಿನೊಳಗೆ ಗಂಟೆಗಟ್ಟಲೆ ಮುಚ್ಚಿಕೊಂಡಿರುವುದೇ ಅವರಿಗೆ ತಡೆಯಲಾಗುತ್ತಿರಲಿಲ್ಲ. ರಕ್ಷಣೆಗೆ ಅಂತ ತೊಟ್ಟ ಉಡುಪೇ ಅವರಿಗೆ ಭಯ. ಒಬ್ಬರ ಚೌಕಟ್ಟು ಇನ್ನೊಬ್ಬರಿಗೆ ಪಂಜರ.

ಹೋದ ಭಾನುವಾರ ತಮ್ಮನ ಮಗಳನ್ನು ಉಯ್ಯಾಲೆ ಆಡಿಸುತ್ತಿದ್ದೆ. ಅವಳಿಗೆ ನಾಲ್ಕು ವರ್ಷ. "ಅತ್ತೆ, ಜೋರಾಗಿ!" ಅಂದಳು. ತೂಗಿದೆ. "ಇನ್ನೂ ಜೋರಾಗಿ!" ಮೇಲೆ ಹೋದಾಗ ಒಂದು ಕ್ಷಣ ಅವಳು ಸೀಟಿನಿಂದ ಚೂರು ಎದ್ದ ಹಾಗಾಗುತ್ತದೆ. ಆಗ ಉಸಿರು ಹಿಡಿಯುತ್ತಾಳೆ, ಕಣ್ಣು ಅಗಲವಾಗುತ್ತದೆ, ಸರಪಳಿ ಹಿಡಿದ ಬೆರಳಿನ ಗೆಣ್ಣು ಬೆಳ್ಳಗಾಗುತ್ತದೆ. ಕೆಳಗೆ ಇಳಿಯುತ್ತಾ ನಗು ಉಕ್ಕುತ್ತದೆ. ನನ್ನ ಹಾಗೇ, ಇಳಿಯುವಾಗ. ಪಕ್ಕದ ಉಯ್ಯಾಲೆಯ ಹುಡುಗ, ಅವಳಿಗಿಂತ ಸ್ವಲ್ಪ ದೊಡ್ಡವನು, ಓಡಿ ಬಂದು ಹಿಂದಿನಿಂದ ಒಂದು ಸಲ ಅವಳನ್ನು ತಳ್ಳಿದ. ನಾನು ತೂಗಿದ್ದಷ್ಟೇ ಎತ್ತರಕ್ಕೆ ಹೋಯಿತು. ಅವಳು ಕಿಟಾರನೆ ಕಿರುಚಿ ಅಳು ಶುರುಮಾಡಿದಳು.

ಉಯ್ಯಾಲೆ ನಿಲ್ಲಿಸಿ ಕಣ್ಣೊರೆಸಿದೆ. "ಸಾಕಾ ಪುಟ್ಟಿ, ಮನೆಗೆ ಹೋಗೋಣ್ವಾ?" ಅಂತ ಕೇಳಿದೆ. ತಲೆ ಅಲ್ಲಾಡಿಸಿದಳು. ಹಿಂದೆ ತಿರುಗಿ ನನ್ನ ಎರಡೂ ಕೈಯನ್ನು ಎಳೆದು ತನ್ನ ಬೆನ್ನ ಮೇಲೆ ಇಟ್ಟುಕೊಂಡಳು. ಸರಿಯಾಗಿ ಕೂತಿವೆಯಾ ಅಂತ ನೋಡಿದಳು.

"ಈಗ ಜೋರಾಗಿ" ಅಂದಳು.